ಕಿವಿಯಿಲ್ಲದ ಚೀಲ

ಬೆನ್ನಿಗೆ ದೊಡ್ಡ ಬ್ಯಾಗು ಹಾಕಿಕೊಂಡು ಬಂದವರು ಫಾರಿನ್ನಿನವರು ಎಂಬುದು ನಮ್ಮ ಹನುಮನಹಳ್ಳಿಯ ನಾಯಿಗಳಿಗೂ ಗೊತ್ತು. ಅಂಥವರನ್ನು ಕಂಡರೆ ಅವು ಬೊಗಳುವುದಿಲ್ಲ. ಬಿಸ್ಕೀಟು ಗ್ಯಾರಂಟಿ ಎಂದು ಬಾಲ ಅಲ್ಲಾಡಿಸುತ್ತವೆ. 2020ರಲ್ಲಿ ವಿರೂಪಾಪುರಗಡ್ಡೆಯ ರೆಸಾರ್ಟುಗಳನ್ನು ಕೆಡವಿದ ಮೇಲೆ ಅಲ್ಲಿಯ ಗಿರಾಕಿಗಳು ಸಾಣಾಪುರ, ಹನುಮನಹಳ್ಳಿ, ಆನೆಗೊಂದಿ ಎಂದು ಹೊಳೆಯ ಈಚೆಗೇ ಚದುರಿದರು. ಬಂಡೆ ಹತ್ತುವ ಹುಡುಗ ಹುಡುಗಿಯರು ಬೆನ್ನ ಮೇಲೆ ಗಾದಿ ಹೊತ್ತು ಬಾಳೆತೋಟದ ಬದುವಿನ ಮೇಲೆ ಸಾಲಾಗಿ ಹೋಗುವುದನ್ನು ಕಂಡು ನಮ್ಮ ಓಣಿಯ ಅಜ್ಜಿಯೊಬ್ಬಳು, “ಪಾಪ, ಮಲಗಾಕ ಜಾಗ ಸಿಕ್ಕಿಲ್ಲೇನೋ” ಎಂದು ಮರುಗಿದ್ದಳು. ಗಾದಿ ಇರುವುದು ಮಲಗುವುದಕ್ಕಲ್ಲ, ಬೀಳುವುದಕ್ಕೆ ಎಂದು ತಿಳಿದ ಮೇಲೆ ಅವಳ ಮರುಕ ಇನ್ನೂ ಹೆಚ್ಚಾಯಿತು.

ಅಂಥವನೊಬ್ಬ ಊರು ಬಿಡುವಾಗ ತನ್ನ 50 ಲೀಟರಿನ ಬ್ಯಾಗನ್ನು 1,200 ರೂಪಾಯಿಗೆ ನನಗೆ ಕೊಟ್ಟುಹೋದ. ಬ್ಯಾಗನ್ನು ಲೀಟರಿನಲ್ಲಿ ಅಳೆಯುತ್ತಾರೆಂಬುದು ಮೂವತ್ತು ವರ್ಷ ಮಕ್ಕಳಿಗೆ ಅಳತೆಯ ಪಾಠ ಮಾಡಿದ ನನಗೆ ಅಂದೇ ತಿಳಿದದ್ದು. ಸೊಂಟಕ್ಕೊಂದು ಪಟ್ಟಿ, ಎದೆಗೊಂದು ಪಟ್ಟಿ, ಎದೆಪಟ್ಟಿಯ ಬಕ್ಕಲಿನಲ್ಲೇ ಒಂದು ಸೀಟಿ, ತಳದಲ್ಲಿ ಅಡಗಿಸಿಟ್ಟ ಮಳೆಯಂಗಿ. ನನಗೆ ಮಳೆಯಂಗಿ ಇರಲಿಲ್ಲ, ನನ್ನ ಬ್ಯಾಗಿಗೆ ಇತ್ತು. ಒಂದು ಸಂಜೆ ಅದನ್ನು ಏರಿಸಿಕೊಂಡು ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ತಾಲೀಮು ಮಾಡೋಣವೆಂದು ಹೊರಟೆ. ನಾಯಿ ಬಾಲ ಅಲ್ಲಾಡಿಸುತ್ತ ಬಂತು, ಮೂಸಿತು, ಬೊಗಳಿತು. ಬೀಡಾ ಅಂಗಡಿಯವನು, “ಯಾವ ದೇಶದವ್ರಿ ಮಾಸ್ತರ?” ಅಂದ.

ದೇಶ ಬಿಡುವ ವಿಚಾರವಿರಲಿಲ್ಲ. ಯುಗಾದಿಗೆ ಶ್ರೀಶೈಲಕ್ಕೆ ನಡೆದುಹೋಗುವವರ ತಂಡಕ್ಕೆ ಹೆಸರು ಕೊಟ್ಟಿದ್ದೆ, ಅಷ್ಟೆ. ನಮ್ಮ ಕಡೆಯವರಿಗೆ ಭ್ರಮರಾಂಬೆ ಮನೆಮಗಳು, ಮಲ್ಲಯ್ಯ ಅಳಿಯ. ಹಬ್ಬಕ್ಕೆ ಮಗಳಿಗೆ ಸೀರೆ, ಕುಪ್ಪಸ, ಅರಿಷಿಣ, ಕುಂಕುಮ ಒಯ್ಯುವುದು ತವರಿನ ಕೆಲಸ. ಕಂಪ್ಲಿ, ಸಿರುಗುಪ್ಪ, ಆದೋನಿ, ಎಮ್ಮಿಗನೂರು, ಕರ್ನೂಲು, ಆತ್ಮಕೂರು ಹಾದು ನಲ್ಲಮಲ ಕಾಡು ಹೊಕ್ಕರೆ ಸುಮಾರು ಹತ್ತು-ಹನ್ನೊಂದು ದಿನದ ನಡಿಗೆ. ಅಳಿಯನ ಮನೆಗೆ ಬರಿಗೈಯಲ್ಲಿ ಹೋಗಬಾರದು, ಬರಿಬೆನ್ನಲ್ಲಿ ಹೋಗಬಹುದು. ಏಕೆಂದರೆ ಲಗೇಜ್ ಗಾಡಿ ಇರುತ್ತದೆ. ಲಗೇಜ್ ಗಾಡಿ ಇದ್ದಲ್ಲಿ ಲಗೇಜ್ ಕಾಕಾ ಇರುತ್ತಾನೆ.

ಈ ಕಾಕಾನನ್ನು ನೀವೂ ಕಂಡಿದ್ದೀರಿ. ಮದುವೆಯ ಬಸ್ಸಿನ ಟಾಪಿನ ಮೇಲೆ ನಿಂತು ಬೀಗರ ಟ್ರಂಕನ್ನು ಕಾಲಿನಿಂದ ಸರಿಸುವವನು ಅವನೇ. ಶಾಲೆಯ ಪ್ರವಾಸದಲ್ಲಿ ಹೆಡ್ ಮಾಸ್ತರರ ಸೂಟ್‌ಕೇಸಿನ ಮೇಲೆ ಕುಳಿತು ಅವಲಕ್ಕಿ ತಿನ್ನುವವನೂ ಅವನೇ. ಅವನನ್ನು ಯಾರೂ ನೇಮಿಸುವುದಿಲ್ಲ. ಮೊದಲ ಬ್ಯಾಗು ನೆಲಕ್ಕಿಟ್ಟ ಕೂಡಲೇ ಎಲ್ಲಿಂದಲೋ ಉದ್ಭವಿಸುತ್ತಾನೆ, ಹೆಗಲ ಮೇಲೊಂದು ಹಗ್ಗದ ಸಿಂಬೆ ಇರುತ್ತದೆ. ಪಂಢರಪುರದ ವಾರಿಯಲ್ಲಿ ದಿಂಡಿಗಳ ಸಾಮಾನು ಹೊತ್ತು ಲಾರಿಗಳೇ ಹೋಗುತ್ತವೆ. ಅಲ್ಲಿ ಎಷ್ಟು ಮಂದಿ ಕಾಕಾಗಳಿರಬೇಕು! ಸ್ಪೇನಿನಲ್ಲಿ ಸ್ಯಾಂಟಿಯಾಗೊಗೆ ನಡೆದುಹೋಗುವ ಯಾತ್ರಿಕರ ಬ್ಯಾಗುಗಳನ್ನು ಹಣ ತೆಗೆದುಕೊಂಡು ಊರಿಂದೂರಿಗೆ ಸಾಗಿಸುವ ಕಂಪನಿಗಳೇ ಇವೆಯೆಂದು ಬ್ಯಾಗು ಮಾರಿದ ಹುಡುಗ ಹೇಳಿದ್ದ. ಬ್ಯಾಗಿಗೆ ಚೀಟಿ ಕಟ್ಟಿದರೆ ಮುಗಿಯಿತಂತೆ. ನಮ್ಮ ಕಾಕಾನಿಗೆ ಚೀಟಿ ಕಟ್ಟುವವರನ್ನು ಕಂಡರೆ ಆಗದು. “ನನಗ ಓದಾಕ ಬರಂಗಿಲ್ಲಂತ ಗೊತ್ತಿದ್ದೂ ಚೀಟಿ ಕಟ್ಟಿರೇನ್ರಿ?” ಎಂದು ಮೊದಲ ದಿನವೇ ಎಲ್ಲರ ಚೀಟಿ ಕಿತ್ತುಹಾಕಿದ.

ಚೀಟಿಯ ಅಗತ್ಯವೂ ಅವನಿಗಿರಲಿಲ್ಲ. ನಲವತ್ತು ಬ್ಯಾಗುಗಳಿಗೂ ಅವನೇ ನಾಮಕರಣ ಮಾಡಿದ್ದ: ಮೊಣಕಾಲೆಣ್ಣಿ ಚೀಲ, ಗೊರಕಿ ಚೀಲ, ಉಳ್ಳಾಗಡ್ಡಿ ಚಟ್ನಿ ಚೀಲ, ಸೊಸಿ ಕೂಡ ಜಗಳಾಡಿ ಬಂದಾಕಿ ಚೀಲ. ಕತ್ತಲಲ್ಲಿ ಮೂಸಿ ನೋಡಿ ಇದು ಇಂಥವರದೆಂದು ಕೊಡುತ್ತಿದ್ದ, ಒಮ್ಮೆಯೂ ತಪ್ಪಲಿಲ್ಲ. ನನ್ನದಕ್ಕೆ ಇಟ್ಟ ಹೆಸರು ‘ಕಿವಿ ಇಲ್ಲದ್ದು’.

ಇದಕ್ಕೆ ಹಿನ್ನೆಲೆ ಇದೆ. ಕಾಕಾ ಮೂವತ್ತು ವರ್ಷ ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಹಮಾಲಿ ಮಾಡಿದವನು. ಅವನ ಪ್ರಕಾರ ಲೋಕದಲ್ಲಿ ಇರುವುದು ಒಂದೇ ಸಾಮಾನು, 75 ಕೆ.ಜಿ.ಯ ಭತ್ತದ ಚೀಲ. ಮಿಕ್ಕವೆಲ್ಲ ಅದರ ಕೆಟ್ಟ ನಕಲು. ಗೋಣಿಚೀಲದ ಬಾಯಿ ಹೊಲಿಯುವಾಗ ಎರಡು ಮೂಲೆಯಲ್ಲೂ ಒಂದೊಂದು ಹಿಡಿಯಷ್ಟನ್ನು ಮುದುರಿ, ಸುತಳಿ ಸುತ್ತಿ, ಹೊರಗೆ ಬಿಡುತ್ತಾರೆ. ಅದೇ ಕಿವಿ. ಎರಡು ಕಿವಿ ಹಿಡಿದು ಎತ್ತಿದರೆ ಎಂಥ ಚೀಲವೂ ತಾನಾಗಿ ಬೆನ್ನಿಗೆ ಬಂದು ಕೂರುತ್ತದಂತೆ. ನನ್ನ ಬ್ಯಾಗನ್ನು ಮೊದಲ ಸಲ ಕಂಡಾಗ ಅವನು ಸುತ್ತಲೂ ತಡವಿ ನೋಡಿ, “ಹದಿನಾರು ಪಟ್ಟಿ ಅದಾವ ಮಾಸ್ತರ, ಒಂದು ಕಿವಿ ಇಲ್ಲ. ಇದನ್ನ ಹೆಂಗ ಎತ್ತಬೇಕು?” ಎಂದು ಕೇಳಿದ. ನಾನು ಸೊಂಟಪಟ್ಟಿ, ಎದೆಪಟ್ಟಿ, ಭಾರ ಹಂಚಿಕೆ ಎಂದು ಪಾಠ ಶುರು ಮಾಡಿದೆ. ಅವನು ಕೇಳಿಸಿಕೊಳ್ಳದೆ ಅದನ್ನು ಗಾಡಿಯ ತಳಕ್ಕೆ ಒಗೆದು, ಮೇಲೆ ಅಕ್ಕಿ ಚೀಲ, ಅದರ ಮೇಲೆ ಬೋಗುಣಿ, ಅದರ ಮೇಲೆ ತಾನು ಕುಳಿತ.

ಆ ಹತ್ತು ದಿನದಲ್ಲಿ ನನ್ನ ಬ್ಯಾಗು ಪಟ್ಟ ಪಾಡನ್ನು ಎಷ್ಟೆಂದು ಹೇಳಲಿ? ಕಂಪ್ಲಿ ದಾಟುವ ಹೊತ್ತಿಗೆ ಅದರ ಬೆನ್ನೊಳಗಿನ ಅಲ್ಯೂಮಿನಿಯಂ ಪಟ್ಟಿ ನನ್ನ ಬೆನ್ನಿಗಿಂತ ಹೆಚ್ಚು ಬಾಗಿತ್ತು. ಆದೋನಿಯಲ್ಲಿ ನೋಡಿದರೆ ಸೊಂಟಪಟ್ಟಿ ತಾಡಪಾಲಿಗೆ ಸೇರಿಕೊಂಡಿತ್ತು. “ಗಾಳಿಗೆ ಹಾರಾಕತ್ತಿತ್ರಿ. ನಿಮ್ಮ ಚೀಲದಾಗ ಬೇಕಾದಷ್ಟು ಪಟ್ಟಿ ಅದಾವಲ್ಲ” ಅಂದ. ಎಮ್ಮಿಗನೂರಲ್ಲಿ ಶೇಂಗಾ ಎಣ್ಣೆಯ ಡಬ್ಬಿ ಉರುಳಿ ನನ್ನ ಎರಡು ಬಿಳಿ ಅಂಗಿಗಳು ಒಗ್ಗರಣೆ ಹಾಕಿದ ಹಾಗಾದವು.

ದೂರು ಕೊಟ್ಟರೆ ಕಾಕಾನ ಬಳಿ ಮೂರು ಉತ್ತರಗಳು. ಮೊದಲನೆಯದು, “ಮದ್ಲ ಹರದಿತ್ತು.” ಒಪ್ಪದಿದ್ದರೆ, “ಅಂಥಾ ನಾಜೂಕಿಂದು ಯಾಕ ತರಬೇಕಾಗಿತ್ತು?” ಅದಕ್ಕೂ ಬಗ್ಗದವರಿಗೆ ಮೂರನೆಯದು, ಎರಡೂ ಕೈ ಮೇಲೆತ್ತಿ, “ಮಲ್ಲಯ್ಯನ ಇಚ್ಛಾ!” ಇದಾದ ಮೇಲೆ ಮಾತು ಬೆಳೆಸುವಂತಿಲ್ಲ, ಬೆಳೆಸಿದರೆ ಜಗಳ ದೇವರ ಜೊತೆಗೆ.

ಆತ್ಮಕೂರಿನ ಹತ್ತಿರ ಆದದ್ದು ಮಾತ್ರ ನನ್ನ ತಾಳ್ಮೆಯನ್ನು ಮೀರಿತು. ಅಲ್ಲಿಂದ ಮುಂದೆ ವೆಂಕಟಾಪುರದಲ್ಲಿ ಕಾಲುದಾರಿ ಕಾಡು ಹೊಗುತ್ತದೆ, ಗಾಡಿ ದೋರ್ನಾಲದ ಮೇಲೆ ನೂರು ಕಿಲೋಮೀಟರು ಸುತ್ತಿ ಘಟ್ಟದ ರಸ್ತೆಯಿಂದ ಶ್ರೀಶೈಲ ಸೇರುತ್ತದೆ. ಅಂದರೆ ಇಡೀ ಯಾತ್ರೆಯಲ್ಲಿ ಬ್ಯಾಗನ್ನು ನಿಜವಾಗಿ ಬೆನ್ನಿಗೆ ಹಾಕಿಕೊಳ್ಳಬೇಕಾದ ಜಾಗ ಅದೊಂದೇ. ಹತ್ತು ದಿನ ನಾನು ಕಾದಿದ್ದೂ ಅದಕ್ಕೇ. ಸಂಜೆ ಎಲ್ಲರ ಮುಂದೆ ಎದೆಪಟ್ಟಿ ಬಿಗಿದು, ಅದರ ಸೀಟಿ ಒಮ್ಮೆ ಊದಿ, ಹೊರಡುವುದೆಂದು ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತ ಗಾಡಿಯ ಬಳಿ ಬಂದೆ.

ಕಾಕಾ ಬ್ಯಾಗುಗಳನ್ನು ಇಳಿಸುತ್ತಿದ್ದ. ನನ್ನದು ತಳದಲ್ಲಿ ಸಿಕ್ಕಿಕೊಂಡಿತ್ತು. ಜಗ್ಗಿದ, ಬರಲಿಲ್ಲ. ಕಿವಿ ಹುಡುಕಿದ, ಇರಲಿಲ್ಲ. ಆಗ ಸೊಂಟದಿಂದ ಹಮಾಲರ ಕಬ್ಬಿಣದ ಹುಕ್ಕು ತೆಗೆದು, ನಾನು “ಕಾಕಾ!” ಎನ್ನುವುದರೊಳಗೆ, ಭುಜಪಟ್ಟಿಯ ಬುಡದಲ್ಲಿ ಚುಚ್ಚಿ ಎಳೆದ.

ಗೋಣಿಗೆ ಹುಕ್ಕು ಹಾಕಿದರೆ ಎಳೆಗಳು ಸರಿದು ಜಾಗ ಕೊಡುತ್ತವೆ. ತೆಗೆದ ಮೇಲೆ ಅಂಗೈಯಲ್ಲಿ ಉಜ್ಜಿದರೆ ತೂತು ಮಾಯ. ನೈಲಾನಿಗೆ ಆ ದೊಡ್ಡ ಮನಸ್ಸಿಲ್ಲ. ಒಮ್ಮೆ ಬಾಯಿ ಬಿಟ್ಟರೆ ಬಿಡುತ್ತಲೇ ಹೋಗುತ್ತದೆ. ಪರ್ ಎಂದು ಒಂದು ಗೇಣು ಹರಿದು, ಭುಜಪಟ್ಟಿ ಹುಕ್ಕಿನ ಜೊತೆ ಅವನ ಕೈಗೆ ಬಂತು. ಬ್ಯಾಗು ಗಾಡಿಯಲ್ಲೇ ಉಳಿಯಿತು. ಕಾಕಾ ಪಟ್ಟಿ ನೋಡಿದ, ನನ್ನನ್ನು ನೋಡಿದ.

“ಮದ್ಲ...” ಎಂದು ಶುರು ಮಾಡಿದವನು ನನ್ನ ಮುಖ ಕಂಡು ನಿಲ್ಲಿಸಿದ. ನಾನು ಶಾಲೆಯಲ್ಲೂ ಬಳಸದ ಮಾತುಗಳನ್ನು ಆಡಿದೆ. ಮಾಲೆ ಹಾಕಿದವನು, ಬರಿಗಾಲಲ್ಲಿ ನಿಂತವನು, ಎಂಬ ಯಾವ ಎಚ್ಚರವೂ ಇರಲಿಲ್ಲ. ಅಕ್ಕಮಹಾದೇವಿ ಉಟ್ಟ ಬಟ್ಟೆಯನ್ನೂ ಬಿಟ್ಟು ಬಂದ ಬೆಟ್ಟದ ಬುಡದಲ್ಲಿ ನಾನು 1,200 ರೂಪಾಯಿಗಾಗಿ ಗಂಟಲು ಹರಿದುಕೊಳ್ಳುತ್ತಿದ್ದೆ. ಕಾಕಾ ಮೂರರಲ್ಲಿ ಒಂದು ಉತ್ತರವನ್ನೂ ಕೊಡಲಿಲ್ಲ. ಅದೇ ನನಗೆ ಹೆಚ್ಚು ಕಿರಿಕಿರಿಯಾಯಿತು.

ರಾತ್ರಿ ವೆಂಕಟಾಪುರದಲ್ಲಿ ಉಂಡು ಮಲಗಿದ್ದವನನ್ನು ಬಂದು ಎಬ್ಬಿಸಿದ. “ಮಾಸ್ತರ, ಮೊಬೈಲ್ ಬ್ಯಾಟ್ರಿ ಹಿಡೀರಿ.” ಗಾಡಿಯ ಹಿಂದೆ ಕುಳಿತು, ಖಾಲಿಯಾದ ಅಕ್ಕಿ ಗೋಣಿಯಿಂದ ಅಂಗೈ ಅಗಲದ ಎರಡು ತುಂಡು ಕತ್ತರಿಸಿದ್ದ. ಅವನ್ನು ಹರಿದ ಜಾಗದ ಒಳಗೊಂದು, ಹೊರಗೊಂದು ಇಟ್ಟ. “ಬರೇ ಇದಕ್ಕ ದಾರ ಹಾಕಿದ್ರ ದಾರಾನ ಕೊಯ್ಯತೈತಿ. ಎರಡು ಗೋಣಿ ನಡಕ ಇಟ್ರ ಅದರಪ್ಪ ಹರಿಯಂಗಿಲ್ಲ.” ಸುತಳಿಗೆ ಮೇಣದಬತ್ತಿ ಉಜ್ಜಿದ. ದಬ್ಬಣ ಒಳಗೆ ಹೋಗಿ ಹೊರಗೆ ಬರುವಾಗ ಪ್ರತಿ ಸಲ ಸಣ್ಣಗೆ ‘ಟಕ್’ ಎನ್ನುತ್ತಿತ್ತು. ಬೆರಳುಗಳು ಶುಂಠಿಯ ಹಾಗೆ ಗಂಟುಗಂಟು, ಆದರೆ ಹೊಲಿಗೆ ನೂಲು ಹಿಡಿದು ಗೆರೆ ಎಳೆದಂತೆ ಬರುತ್ತಿತ್ತು. ಕೈ ನಿಲ್ಲಿಸದೆ ಕೇಳಿದ:

“ಭೀಮನ ಕೊಳ್ಳ ಭಾಳ ಇಳಕಲಂತಲ್ರಿ?”

“ನಂಗೇನ್ ಗೊತ್ತು, ಮದ್ಲನೇ ಸಲ ಬಂದೀನಿ. ನೀ ಹತ್ತೊಂಬತ್ತು ವರ್ಷದಿಂದ ಬರಾಕತ್ತಿ.”

“ನಾ ಎಲ್ಲಿ ನೋಡೀನ್ರಿ. ಗಾಡಿ ದೋರ್ನಾಲದ ಮ್ಯಾಲ ಹೊಕ್ಕೈತಿ, ನಾ ಗಾಡ್ಯಾಗ. ಬ್ಯಾಗಿನ ತಳಕ್ಕ ಮೆತ್ತಿಕೊಂಡು ಬರೋ ಮಣ್ಣು ನೋಡೀನಿ. ಕೆಂಪಗ ಇರತೈತಿ.”

ನಡೆಯಬಾರದೇಕೆ ಎಂದೆ. ಮೊಣಕಾಲು ತಟ್ಟಿ ತೋರಿಸಿದ. “ಇವು ಚೀಲದ ಬುಡಕ ನಡದು ನಡದು ಮುಗದಾವ್ರಿ.” ಗಿರಣಿಯಿಂದ ಲಾರಿಗೆ, ಲಾರಿಯಿಂದ ಗಿರಣಿಗೆ, ಹಲಗೆಯ ಮೇಲೆ 75 ಕೆ.ಜಿ. ಹೊತ್ತು ಮೂವತ್ತು ವರ್ಷ ನಡೆದ ದೂರ ಎಷ್ಟಾಗಬಹುದೆಂದು ನನ್ನೊಳಗಿನ ಲೆಕ್ಕದ ಮಾಸ್ತರ ಗುಣಿಸತೊಡಗಿದ. ಉತ್ತರ ಬರುವ ಮೊದಲೇ ನಿಲ್ಲಿಸಿದೆ. ಕಾಕಾನ ಮೇಲಿನ ಸಿಟ್ಟು ಇನ್ನೂ ಸ್ವಲ್ಪ ಬಾಕಿ ಇತ್ತು, ಅದು ಕಳೆದುಹೋಗುವುದು ನನಗೆ ಬೇಡವಾಗಿತ್ತು.

ಕೊನೆಗೆ ಬ್ಯಾಗಿನ ಎರಡು ಮೂಲೆಗೂ ಗೋಣಿಯ ಮುದುರು ಇಟ್ಟು, ಸುತಳಿ ಸುತ್ತಿ, ಹಲ್ಲಿನಿಂದ ಕಡಿದ. “ಕಿವಿ ಮಾಡೀನ್ರಿ” ಅಂದ. ನನ್ನ ಅಪ್ಪಣೆ ಕೇಳಿರಲಿಲ್ಲ.

ಕಾಡಿನ ಕಥೆಯನ್ನು ಚಿಕ್ಕದು ಮಾಡುತ್ತೇನೆ, ಏಕೆಂದರೆ ಅಲ್ಲಿ ನಾನು ಕಂಡದ್ದು ಹೆಚ್ಚಾಗಿ ಮುಂದಿನವರ ಹಿಮ್ಮಡಿ. ನಾಗಲೂಟಿಯ ವೀರಭದ್ರನಿಗೆ ಕೈ ಮುಗಿದೆವು, ಪೆಚ್ಚೆರುವಿನಲ್ಲಿ ಉರುಳಿಕೊಂಡೆವು. ಮರಗಾಲು ಕಟ್ಟಿಕೊಂಡವರೂ ನನ್ನನ್ನು ದಾಟಿ ಹೋದರು. ಸೀರೆಯ ಗಂಟೊಂದನ್ನು ತಲೆಯ ಮೇಲಿಟ್ಟುಕೊಂಡ ಮುದುಕಿಯೊಬ್ಬಳು ನನ್ನ ಪಟ್ಟಿಗಳನ್ನೆಲ್ಲ ನೋಡಿ, “ಯಪ್ಪಾ, ನಿನ್ನ ಯಾರು ಕಟ್ಟಿಹಾಕ್ಯಾರ?” ಎಂದು ಕೇಳಿದಳು. ಭೀಮನ ಕೊಳ್ಳದಲ್ಲಿ ಇಳಿಯುವಾಗ ಮೊಣಕಾಲು ನಡುಗಿದವು, ಹತ್ತುವಾಗ ಉಸಿರು. ಎದೆಯ ಸೀಟಿ ಊದೋಣವೆಂದರೆ ಊದಲು ಗಾಳಿಯೇ ಇರಲಿಲ್ಲ. ಆಗ ಹಿಂದಿನಿಂದ ಹುಡುಗನೊಬ್ಬ ಬ್ಯಾಗಿನ ಎರಡು ಕಿವಿ ಹಿಡಿದು ಮೇಲಕ್ಕೆತ್ತಿ, ಕೈಲಾಸದ್ವಾರದ ತನಕ ನನ್ನನ್ನೂ ಬ್ಯಾಗನ್ನೂ ಸೇರಿಸಿ ನೂಕಿಕೊಂಡು ಹೋದ. ಗೋಣಿ ಬೆನ್ನನ್ನು ಕೆರೆದದ್ದು ನಿಜ. ಹೊಲಿಗೆ ಒಂದು ಎಳೆ ಬಿಡಲಿಲ್ಲ.

ಶ್ರೀಶೈಲದಲ್ಲಿ ಗಾಡಿಯ ಬಳಿ ಕಾಕಾ ಕಾಯುತ್ತಿದ್ದ. ನನ್ನನ್ನು ಮಾತಾಡಿಸುವ ಮೊದಲು ಬ್ಯಾಗನ್ನು ತಿರುಗಿಸಿ ಹೊಲಿಗೆ ಮುಟ್ಟಿ ನೋಡಿದ. ಆಮೇಲೆ ತಳದ ಮಣ್ಣನ್ನು ಬೆರಳಿನಿಂದ ಕೆರೆದು ಹಣೆಗೆ ಹಚ್ಚಿಕೊಂಡ. ಅಲ್ಲಿ ಸೇರಿದ್ದ ಜನಕ್ಕೆ ಲೆಕ್ಕವಿರಲಿಲ್ಲ. ಪಾಳಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ತಿಳಿಯುತ್ತಿರಲಿಲ್ಲ. ದರ್ಶನ ಆಯಿತೇ ಎಂದು ಕೇಳಿದೆ. “ಸಾಮಾನು ಬಿಟ್ಟು ಹೆಂಗ ಹೋಗ್ಲಿ? ಎಲ್ಲಾರ್ದೂ ಮುಗೀಲಿ, ಕಡೀಕ ನೋಡೋಣು” ಅಂದ. ಹತ್ತೊಂಬತ್ತು ವರ್ಷವೂ ಕಡೆಯವನೇ. ಎಷ್ಟು ಸಲ ಹೊರಡುವ ಹೊತ್ತಾಗಿ ಗೋಪುರಕ್ಕೆ ಕೈ ಮುಗಿದು ಗಾಡಿ ಹತ್ತಿದ್ದನೋ, ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.

“ನಾ ಕುಂದರ್ತೀನಿ, ನೀ ಹೋಗಿ ಬಾ” ಅಂದೆ. ಅವನಿಗೆ ನಂಬಿಕೆ ಬರಲಿಲ್ಲ. ಹಗ್ಗ ಕೊಟ್ಟ, ಹಿಂದಕ್ಕೆ ತೆಗೆದುಕೊಂಡ, ಮತ್ತೆ ಕೊಟ್ಟ. ಯಾವ ಚೀಲ ಯಾರದೆಂದು ಎರಡು ಸಲ ಒಪ್ಪಿಸಿದ. ಹುಕ್ಕನ್ನು ನನ್ನ ಕೈಗಿಟ್ಟು, “ನೈಲಾನಿಗೆ ಹಾಕಬ್ಯಾಡ್ರಿ” ಎಂದು ಬುದ್ಧಿ ಹೇಳಿ, ಕುಂಟುತ್ತ ಜನರಲ್ಲಿ ಸೇರಿಹೋದ.

ಮೊದಲ ಅರ್ಧ ಗಂಟೆ ಹಗ್ಗ ಹಿಡಿದು ಸಭ್ಯನಾಗಿ ಕುಳಿತೆ. ಆಮೇಲೆ ಒಬ್ಬರಾದ ಮೇಲೊಬ್ಬರು ಬರತೊಡಗಿದರು. ಒಬ್ಬನಿಗೆ ತಳದಲ್ಲಿದ್ದ ಟವೆಲ್ಲು ಬೇಕು, ಒಬ್ಬಳಿಗೆ ಗುಳಿಗೆ, ಇನ್ನೊಬ್ಬನಿಗೆ ಸುಮ್ಮನೆ ತನ್ನ ಬ್ಯಾಗು ಇದೆಯೋ ಇಲ್ಲವೋ ನೋಡಬೇಕು. ಬಿಸಿಲು ಏರಿತು. ಬ್ಯಾಗಿನ ಮೇಲೆ ಬ್ಯಾಗು ಒಗೆದು ದಾರಿ ಮಾಡಿದೆ. ಕೂರಲು ಯಾವುದು ಮೆತ್ತಗಿದೆಯೆಂದು ನೋಡಿ ಗೊರಕೆ ಚೀಲದ ಮೇಲೆ ಕುಳಿತೆ. ಇಬ್ಬರನ್ನು ಗದರಿಸಿದೆ; ನಿಜ ಹೇಳಬೇಕೆಂದರೆ ಹಾಯೆನಿಸಿತು.

ಮಧ್ಯಾಹ್ನದ ಹೊತ್ತಿಗೆ ಮೊಣಕಾಲೆಣ್ಣಿಯ ಹೆಂಗಸು ಬಂದು ತನ್ನ ಬ್ಯಾಗು ಎತ್ತಿ ಹಿಡಿದಳು. ಜಿಪ್ಪು ಬಾಯಿ ತೆರೆದು ಜೋತಾಡುತ್ತಿತ್ತು. ಅರ್ಧ ಗಂಟೆಯ ಹಿಂದೆ ಅದನ್ನು ತಳದಿಂದ ಜಗ್ಗಿದ್ದು ನಾನೇ.

“ಇದೇನ್ರಿ ಮಾಸ್ತರ, ಹರದೈತಲ್ಲ?”

“ಮದ್ಲ ಹರದಿತ್ತವ್ವ” ಅಂದೆ.