ಮೂಗಿನ ಡೊಂಕು ಮತ್ತು ಮಹಾಜನ ವರದಿ

ಮೂಗಿನ ಒಳಗೋಡೆ ಡೊಂಕಾಗಿದ್ದರೆ ಗಾಬರಿ ಬೇಡ. ಬಹುಪಾಲು ಮನುಷ್ಯರ ಮೂಗಿನೊಳಗೆ ಅದು ಒಂದಿಷ್ಟು ವಾಲಿಕೊಂಡೇ ಇರುತ್ತದೆ. ಗಾಬರಿಯಾಗಬೇಕಾದದ್ದು ಅದನ್ನು ನೆಟ್ಟಗೆ ಮಾಡಿಸಿಕೊಳ್ಳಲು ಹೊರಟಾಗ. ಅದರಲ್ಲೂ ವಿಮೆಯ ಖರ್ಚಿನಲ್ಲಿ, ಅದರಲ್ಲೂ ಹೊರರಾಜ್ಯದ ತಜ್ಞರ ಬಳಿ. ಈ ಮೂರೂ ಯೋಗಗಳು ಒಂದೇ ಜಾತಕದಲ್ಲಿ ಕೂಡಿಬಂದವರಿಗಾಗಿಯೇ ವಿಮಾ ನಾಸಿಕಶಾಸ್ತ್ರವೆಂಬ ನಮ್ಮ ವಿದ್ಯೆ ಹುಟ್ಟಿದೆ.

ಮೊದಲು ಮೂಗಿನ ಉದ್ದೇಶ ಸಾಬೀತಾಗಬೇಕು. ಉಸಿರಾಟಕ್ಕೆಂದು ಒಳಗೋಡೆ ಸರಿಪಡಿಸಿದರೆ ಚಿಕಿತ್ಸೆ. ಚೆಂದಕ್ಕೆಂದು ಹೊರಗಿನ ಆಕಾರ ತಿದ್ದಿದರೆ ಅಲಂಕಾರ, ಅದಕ್ಕೆ ದುಡ್ಡಿಲ್ಲ. ಆದ್ದರಿಂದ ಆಪರೇಶನ್ ಆದಮೇಲೆ ಯಾರೂ ಮೊದಲಿಗಿಂತ ಚೆನ್ನಾಗಿ ಕಾಣಿಸಬಾರದು. ಮದುವೆ ಗೊತ್ತಾಗಿರುವವರು ಆ ಸುದ್ದಿಯನ್ನು ಡಾಕ್ಟರ ಮುಂದೆ ಎತ್ತದಿರುವುದು ಕ್ಷೇಮ.

ಇನ್ನು ಕಾಲಜ್ಞಾನ. ಬಹಳಷ್ಟು ಪಾಲಿಸಿಗಳಲ್ಲಿ ಈ ಡೊಂಕಿಗೆ 24 ತಿಂಗಳ ಕಾಯುವಿಕೆ ಇದೆ. ಮೂಗು ಹಿಡಿದರೆ ಬಾಯಿ ತಾನೇ ತೆರೆಯುತ್ತದೆ ಎಂದು ಹಿರಿಯರು ಹೇಳಿದ್ದು ಈ ಅವಧಿಯನ್ನೇ ಕುರಿತು. ಕಾದು ಅರ್ಜಿ ಹಾಕಿದರೆ, ಕಂಪನಿಯ ಪರವಾಗಿ ಕ್ಲೇಮು ಪರಿಶೀಲಿಸುವ ಟಿಪಿಎ ಕಡೆಯಿಂದ ಓಲೆ: "ತೊಂದರೆ ಯಾವಾಗಿನಿಂದ? ಮೊದಲ ಸಲ ತೋರಿಸಿದ ಚೀಟಿ ಲಗತ್ತಿಸಿ." ಘಟಾನುಘಟಿಗಳು ಮುಗ್ಗರಿಸಿರುವುದು ಇಲ್ಲಿಯೇ. ಡಾಕ್ಟರು ಕೇಸ್ ಶೀಟಿನಲ್ಲಿ, ಪೆನ್ನು ಬರೆಯುತ್ತಿದೆಯೇ ಎಂದು ನೋಡಲೆಂಬಂತೆ, "ಚಿಕ್ಕಂದಿನಿಂದ" ಎಂದು ಗೀಚಿರುತ್ತಾರೆ. ಅಷ್ಟಕ್ಕೇ ಮೂಗು ಪಾಲಿಸಿಗಿಂತ ಹಿರಿಯದಾಗಿಬಿಡುತ್ತದೆ. "ಹುಟ್ಟಿನಿಂದ" ಎಂದು ಬರೆದಿದ್ದರಂತೂ ಮುಗಿಯಿತು. ಕಣ್ಣಿಗೆ ಬೀಳುವ ಭಾಗದಲ್ಲಿದ್ದರೆ ಅದು ಬಾಹ್ಯ ಜನ್ಮದೋಷ, ಬೀಳದಿದ್ದರೆ ಆಂತರಿಕ. ಮೂಗೋ ಎರಡೂ ಪಕ್ಷಗಳಲ್ಲಿ ಸದಸ್ಯತ್ವವಿರುವ ಅಂಗ. ನಿಯಮವನ್ನು ನೋಡಿದರೆ, ಪಾಲಿಸಿ ಶುರುವಾಗುವ ಹಿಂದಿನ 36 ತಿಂಗಳಲ್ಲಿ ಡಾಕ್ಟರು ಗುರುತಿಸಿದ ಅಥವಾ ಚಿಕಿತ್ಸೆ ಕೊಟ್ಟ ಕಾಯಿಲೆಯಷ್ಟೇ ಹಳೆಯ ಕಾಯಿಲೆ. ಅಂದರೆ ಗೊತ್ತಿಲ್ಲದ ಡೊಂಕು ಡೊಂಕಲ್ಲ. ಅಜ್ಞಾನದ ಬಗ್ಗೆ ಇಷ್ಟು ಆಳವಾಗಿ ಚಿಂತಿಸಿದ ಶಾಸ್ತ್ರ, ಅದ್ವೈತ ಬಿಟ್ಟರೆ, ಇದೊಂದೇ.

ಆಮೇಲೆ ಭೂಗೋಳ. ಕಾಗವಾಡದ ಕಬ್ಬು ಬೆಳೆಗಾರರೊಬ್ಬರ ಮೂಗು ಕಟ್ಟಿತೆನ್ನಿ. ಬೆಳಗಾವಿಗಿಂತ ಗಡಿಯಾಚೆ ಮಹಾರಾಷ್ಟ್ರದ ಮಿರಜವೇ ಅವರಿಗೆ ಹತ್ತಿರ. 1894ರಲ್ಲಿ ವಾನ್ಲೆಸ್ ಸಾಹೇಬರು ಅಲ್ಲಿ ಆಸ್ಪತ್ರೆ ತೆರೆದಂದಿನಿಂದ ಆ ಸೀಮೆಯವರು ಮೈ ನೆಟ್ಟಗಿಲ್ಲದಿದ್ದರೆ ಅತ್ತ ಮುಖ ಮಾಡುವುದು ವಾಡಿಕೆ. ಪಾಲಿಸಿಯೂ ದೇಶದ ಉದ್ದಗಲಕ್ಕೆ ಊರ್ಜಿತ. ಆದರೂ ಪ್ರಶ್ನೆ ಬರುತ್ತದೆ: ಸ್ವಂತ ರಾಜ್ಯದಲ್ಲಿ ತಜ್ಞರಿರಲಿಲ್ಲವೇ? ಇದಕ್ಕೆ ನಾವು ಸಿದ್ಧಪಡಿಸಿರುವ ಮಾದರಿ ಉತ್ತರ: "ಗಡಿ ವಿವಾದದ ಮಹಾಜನ ಆಯೋಗದ 1967ರ ವರದಿಯು ಊರುಗಳನ್ನು ಹಂಚಿದೆಯೇ ಹೊರತು ಮೂಗುಗಳ ಬಗ್ಗೆ ಮೌನ ವಹಿಸಿರುವುದರಿಂದ, ಅರ್ಜಿದಾರರು ಮೊದಲು ಬಂದ ಬಸ್ಸು ಹತ್ತಿದ್ದಾರೆ."

ತಜ್ಞರ ಆಸ್ಪತ್ರೆ ಕಂಪನಿಯ ಪಟ್ಟಿಯಲ್ಲಿಲ್ಲವೇ? 2024ರ ಜನವರಿಯಿಂದ "ಎಲ್ಲೆಡೆ ಕ್ಯಾಶ್‌ಲೆಸ್" ಬಂದಿದೆ. 48 ಗಂಟೆ ಮೊದಲು ತಿಳಿಸಬೇಕು, ಕಂಪನಿ ಒಪ್ಪಬೇಕು, ಆಸ್ಪತ್ರೆಯೂ ಒಪ್ಪಬೇಕು. ಮೂಗಿಗೆ ತುಪ್ಪ ಸವರುವ ಈ ಚಿಕಿತ್ಸೆಗೆ ಮಾತ್ರ ಯಾವ ಕಡಿತವೂ ಇಲ್ಲ.

ಕೋಣೆಯ ಬಾಡಿಗೆಗೆ ಮಿತಿ ಇರುವ ಪಾಲಿಸಿಯಾದರೆ ಕಿಟಕಿಗೆ ಆಸೆಪಡಬೇಡಿ. ಬಾಡಿಗೆ ಎಷ್ಟು ಮೀರಿತೋ ಅದೇ ಪ್ರಮಾಣದಲ್ಲಿ ತಜ್ಞರ ಶುಲ್ಕಕ್ಕೂ ಕತ್ತರಿ ಬೀಳಬಹುದು. ಕಿಟಕಿಯಿಂದಲೇ ಗಾಳಿ ಬರುವುದಾದರೆ ಮೂಗು ಯಾಕೆ ಬೇಕಿತ್ತು ಎಂಬ ತರ್ಕ ಇದ್ದೀತು.

ಡಿಸ್ಚಾರ್ಜಿನ ದಿನ ಅಂತಿಮ ಮಂಜೂರಾತಿ 3 ಗಂಟೆಯೊಳಗೆ ಸಿಗಬೇಕೆಂದು ವಿಮಾ ನಿಯಂತ್ರಕ ಐಆರ್‌ಡಿಎಐ ಆದೇಶ. ಎರಡೂ ಹೊಳ್ಳೆಗಳಿಗೆ ಹತ್ತಿ ತುರುಕಿಸಿಕೊಂಡು ಬಿಲ್ಲಿಂಗ್ ಕೌಂಟರಿನ ಎದುರು ಸ್ಟೀಲ್ ಕುರ್ಚಿಯಲ್ಲಿ ಕೂತವರು ಗೋಡೆ ಗಡಿಯಾರ ನೋಡಕೂಡದು. ಬಿಪಿ ಏರಿ ರಕ್ತ ಸುರಿದರೆ ಅದು ಬೇರೆ ಕ್ಲೇಮು, ಬೇರೆ ಫಾರ್ಮು. ಮನೆಗೆ ಹೋಗಿ ಹಬೆ ತೆಗೆದುಕೊಳ್ಳಿ ಎಂದು ಡಾಕ್ಟರು ಹೇಳುತ್ತಾರೆ. ಹಬೆಯ ಯಂತ್ರ, ಥರ್ಮಾಮೀಟರ್ ಎರಡೂ ಹಣ ಕೊಡಲಾಗದ ವಸ್ತುಗಳ ಪಟ್ಟಿಯಲ್ಲಿವೆ. ಜ್ವರ ಎಷ್ಟಿದೆ ಎಂದು ತಿಳಿಯುವ ಕುತೂಹಲ ರೋಗಿಯ ಖಾಸಗಿ ಹವ್ಯಾಸ.