ಹೇಲು ಎನ್ನದೆ ಹೇಳುವುದು ಹೇಗೆ?

(ಜನವರಿ 2022. ಲಂಡನ್ನಿನ ಒಂದು ಪತ್ರಿಕಾ ಕಚೇರಿ.)

ಸಂಪಾದಕ: ಕೋವಿಡ್ ಲಸಿಕೆ ಹಾಕಿಸಿಕೊಳ್ಳದವರನ್ನು ಏನೋ ಮಾಡಬೇಕು ಅನಿಸುತ್ತಿದೆ ಅಂದರಂತಲ್ಲ ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರಾನ್? ಏನಯ್ಯಾ ಅದು?

ಅನುವಾದಕ: 'ಆಂಮೆರ್ದೆ' ಸರ್. ಆ ಪದದ ಹೊಟ್ಟೆಯಲ್ಲಿ ಹೇಲಿದೆ.

ಸಂಪಾದಕ: ಛೀ! 'ತೊಂದರೆ ಕೊಡಬೇಕು' ಅಂತ ಬರಿ.

ಅನುವಾದಕ: ತೀರಾ ಸಪ್ಪೆ. ಅವರು ಬೇಕೆಂದೇ ಗಲೀಜು ಮಾತಾಡಿದ್ದಾರೆ. ನಾವು ತೊಳೆದು ಇಸ್ತ್ರಿ ಹಾಕಿ ಕೊಟ್ಟರೆ ಸುದ್ದಿ ಎಲ್ಲಿ ಉಳಿಯುತ್ತೆ?

ಸಂಪಾದಕ: 'ಪಿಸ್ ಆಫ್' ಹಾಕು ಹಾಗಾದರೆ.

ಅನುವಾದಕ: ಅದರಲ್ಲಿರೋದು ಉಚ್ಚೆ, ಸರ್.

ಸಂಪಾದಕ: ಕಡಲು ದಾಟುವಾಗ ಅಷ್ಟು ಬದಲಾವಣೆ ಸಹಜ. ಹಳೇ ಅಧ್ಯಕ್ಷ ದ ಗಾಲ್ ಕಾಲದಲ್ಲಿ ಈ ಪೀಕಲಾಟ ಇರಲಿಲ್ಲ ಬಿಡು.

ಅನುವಾದಕ: ಇತ್ತು. 1968ರ ಮೇ ತಿಂಗಳಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದಾಗ ದ ಗಾಲ್ 'ಸುಧಾರಣೆ ಸರಿ, ಶಿಯಾಂಲಿ ಬೇಡ' ಅಂದರು. ಅಂದರೆ ಅವ್ಯವಸ್ಥೆ; ಪದ ಬಿಡಿಸಿ ಓದಿದರೆ ಹಾಸಿಗೆಯಲ್ಲೇ ಮಾಡಿಕೊಳ್ಳೋದು.

ಸಂಪಾದಕ: ಇವರೆಲ್ಲ ಒಂದೇ ಕೋಣೆಯಲ್ಲಿ ಕೂತು ಭಾಷಣ ಬರೀತಾರೇನೋ!

(ಯಾವ ಕೋಣೆ ಎಂದು ಓದುಗರಿಗೆ ಹೇಳಬೇಕಿಲ್ಲ.)

ಸಂಪಾದಕ: ಸುಲಭದ ಮಾತು ಒಂದಾದರೂ ಇಲ್ಲವಾ?

ಅನುವಾದಕ: ಇದೆ. 1958ರ ಜೂನ್ 4, ಅಲ್ಜಿಯರ್ಸ್. ಬಾಲ್ಕನಿಯಲ್ಲಿ ನಿಂತು ದ ಗಾಲ್ 'ನಾನು ನಿಮ್ಮನ್ನು ಅರ್ಥಮಾಡಿಕೊಂಡಿದ್ದೇನೆ' ಅಂದರು. ಇಂಗ್ಲಿಷಿಗೆ ಬೆಣ್ಣೆಯ ಹಾಗೆ ಇಳಿಯುತ್ತೆ.

ಸಂಪಾದಕ: ಅಬ್ಬ! ಏನು ಅರ್ಥಮಾಡಿಕೊಂಡಿದ್ದರಂತೆ?

ಅನುವಾದಕ: ಅದೊಂದನ್ನು ಸ್ಪಷ್ಟವಾಗಿ ಹೇಳಲಿಲ್ಲ. ಅಲ್ಜೀರಿಯ ಫ್ರಾನ್ಸಿನದಾಗಿಯೇ ಇರುತ್ತೆ ಅಂದುಕೊಂಡು ಅಲ್ಲಿ ನೆಲೆಸಿದ್ದ ಯುರೋಪಿಯನ್ನರು ಜೈಕಾರ ಹಾಕಿದರು.

ಸಂಪಾದಕ: ಹಾಗೇ ಉಳಿಯಿತಾ?

ಅನುವಾದಕ: 1962ರಲ್ಲಿ ಸ್ವತಂತ್ರವಾಯಿತು. ಆಗ ದ ಗಾಲ್ ಅವರೇ ಅಧ್ಯಕ್ಷರು.