ಅಶ್ರವ್ಯವಾದ್ಯ ಲಕ್ಷಣಂ

ಮನುಷ್ಯರ ಕಿವಿ 20 ಕಿಲೋಹರ್ಟ್ಸ್‌ಗೆ ಕೈಚೆಲ್ಲುತ್ತದೆ. ಅದರಾಚೆ ನುಡಿದು, ತನ್ನ ಮಾರ್ದನಿಯನ್ನು ತಾನೇ ಕೇಳಿಸಿಕೊಳ್ಳುವ ಪುಟ್ಟ ಸಾಧನವೇ ಅಶ್ರವ್ಯವಾದ್ಯ. ಪಾಮರರು ಇದನ್ನು ಅಲ್ಟ್ರಾಸಾನಿಕ್ ಟ್ರಾನ್ಸ್‌ಡ್ಯೂಸರ್ ಎನ್ನುವರು. ಭರತಮುನಿಯು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರವೆಂದು ನಾಲ್ಕಾಗಿ ವಿಂಗಡಿಸಿರುವಾಗ ಐದನೆಯದನ್ನು ಹುಟ್ಟಿಸುವ ಉದ್ಧಟತನ ನಮಗೆ ಬೇಡ.

ಘನವೆಂದರೆ ಪಿಜೆಡ್‌ಟಿ ಎಂಬ ಪಿಂಗಾಣಿಯ ಬಿಲ್ಲೆ. ವಿದ್ಯುತ್ ಹರಿಸಿದರೆ ಕಂಪಿಸುತ್ತದೆ, ಅದುಮಿದರೆ ವಿದ್ಯುತ್ ಕೊಡುತ್ತದೆ. ಈ ಎರಡನೆಯ ಗುಣವನ್ನು ಕ್ಯೂರಿ ಸಹೋದರರು 1880ರಲ್ಲೇ ಹರಳುಗಳಲ್ಲಿ ಕಂಡಿದ್ದರು. ಇದರಲ್ಲಿ ಎರಡು ಉಪಜಾತಿ: ಬಾಯಿಬಡುಕ, ಮಿತಭಾಷಿ.

ಬಾಯಿಬಡುಕ ಸಿಗುವುದು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಲ್ಲಿ. ಎಚ್‌ಸಿ-ಎಸ್‌ಆರ್ 04 ಎಂಬ ನಾಮಧೇಯದ ಹಲಗೆ, ಅದರ ಮೇಲೆ ಜಾಲರಿಮುಖದ ಎರಡು ಡಬ್ಬಿ. ಒಂದು ಡಬ್ಬಿ 40 ಕಿಲೋಹರ್ಟ್ಸ್‌ನಲ್ಲಿ ಎಂಟು ಸಲ ಮಿಡಿಯಬೇಕು. ಮಿಡಿದ ಮೇಲೂ ಗುಂಯ್‌ಗುಡುತ್ತಲೇ ಇರುತ್ತದೆ. ಆದ್ದರಿಂದ ಕೇಳಲು ಬೇರೊಂದು ಡಬ್ಬಿ. ಕಾರಿನ ಬಂಪರಿನಲ್ಲಿರುವ ಇದರ ದಾಯಾದಿಗೆ ಆ ಭಾಗ್ಯವೂ ಇಲ್ಲ. ಬಾಯಿ, ಕಿವಿ ಎರಡೂ ಒಂದೇ ಬಿಲ್ಲೆ. ತನ್ನ ಮಾತಿನ ಗುಂಗು ಇಳಿಯುವ ಮುನ್ನ ಬಂದ ಮಾರ್ದನಿ ಅದಕ್ಕೆ ಕೇಳಿಸದು. ತೀರ ಹತ್ತಿರದ ಗೋಡೆ ಕಾಣದಿರುವುದು ಹೀಗೆ.

ಮಿತಭಾಷಿ ಹೃದಯದ ರಕ್ತನಾಳದೊಳಗೆ ಸಂಚರಿಸುತ್ತದೆ. ಅದನ್ನು ಹೊತ್ತೊಯ್ಯುವ ಕ್ಯಾತಿಟರ್ ಎಂಬ ನಳಿಕೆ ಸುಮಾರು ಒಂದು ಮಿಲಿಮೀಟರ್ ದಪ್ಪ. 40 ಮೆಗಾಹರ್ಟ್ಸ್‌ನಲ್ಲಿ ನುಡಿಯಲು ಬಿಲ್ಲೆ ಅರ್ಧ ತರಂಗದಷ್ಟಿರಬೇಕು, ಅಂದರೆ 0.05 ಮಿಲಿಮೀಟರ್. ನಾಳದ ಗೋಡೆ ಮೂಗಿನ ತುದಿಯಲ್ಲೇ ಇರುವುದರಿಂದ ಒಂದೆರಡು ಮಿಡಿತಕ್ಕೇ ತೆಪ್ಪಗಾಗಬೇಕು. ಅದಕ್ಕೆಂದು ಬೆನ್ನಿಗೆ ಟಂಗ್‌ಸ್ಟನ್ ಪುಡಿ ಬೆರೆಸಿದ ಎಪಾಕ್ಸಿ ಮೆತ್ತುತ್ತಾರೆ. ಬಾಯಿ ಮುಚ್ಚಿಸಲು ಹೋಗಿ ಕಿವಿಯೂ ಕೊಂಚ ಮಂದವಾಗುತ್ತದೆ. ಮುಂದುಗಡೆಯದು ಇನ್ನೊಂದು ಪೇಚು. ಪಿಂಗಾಣಿಯ ಧ್ವನಿರೋಧ ರಕ್ತದ್ದಕ್ಕಿಂತ ಸುಮಾರು ಇಪ್ಪತ್ತು ಪಟ್ಟು. ಹಾಗೆಯೇ ಬಿಟ್ಟರೆ ಐದರಲ್ಲಿ ನಾಲ್ಕು ಪಾಲು ಶಕ್ತಿ ಹೊಸ್ತಿಲಿನಿಂದಲೇ ಹಿಂದಿರುಗುತ್ತದೆ. ನಡುವೆ ಕಾಲು ತರಂಗ ದಪ್ಪದ ಪದರವೊಂದು ರಾಜಿ ಮಾಡಿಸಬೇಕು. ಕೂಗಿಸುವುದು ಯಾರಿಗೂ ಸುಲಭ; ವಿನ್ಯಾಸಕರ ಆಯುಷ್ಯ ಸವೆಯುವುದು ಸುಮ್ಮನಿರಿಸುವುದರಲ್ಲಿ.

ಅವನದ್ಧ ಸಿಲಿಕಾನ್ ಮೇಲೆ ಬಿಗಿದ ತೊಗಲು, ಕೆಳಗೆ ಶೂನ್ಯ. 1990ರ ದಶಕದಲ್ಲಿ ಸ್ಟ್ಯಾನ್‌ಫರ್ಡಿನ ಖುರಿ-ಯಾಕುಬ್ ತಂಡ ಇದನ್ನು ಬೆಳೆಸಿತು. ಹಗುರ ತೊಗಲಾದ್ದರಿಂದ ಬೇಗ ಸುಮ್ಮನಾಗುವ ಸದ್ಗುಣವಿದೆ. ಎಚ್ಚರವಿರಿಸಲು ಸದಾ ವೋಲ್ಟೇಜ್ ಉಣಿಸಬೇಕೆಂಬುದು ದುರ್ಗುಣ. ಇಂಥ ಸಾವಿರಾರು ಮದ್ದಳೆಗಳು ಒಂದೇ ಚಿಪ್ಪಿನಲ್ಲಿ ಕೂತು, ಸ್ಕ್ಯಾನಿಂಗ್ ಯಂತ್ರ ಈಗ ವೈದ್ಯರ ಜೇಬು ಸೇರಿದೆ. ಜೇಬಿನದಾದರೂ ನಮ್ಮ ದೇಶದಲ್ಲಿ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಡಿ ನೋಂದಣಿ ತಪ್ಪದು, ತಪ್ಪಲೂಬಾರದು.

ಸುಷಿರಕ್ಕೆ ಗಾಲ್ಟನ್ 1876ರಲ್ಲಿ ಮಾಡಿದ ಸೀಟಿ ಉದಾಹರಣೆ. ನಾಯಿಗೆ ಕೇಳುತ್ತದೆ, ಸೀಟಿಗೆ ಏನೂ ಕೇಳದು. ಲಕ್ಷಣಭ್ರಷ್ಟ.

ಫೋನಿನ ಪರದೆಯಡಿ ಬೆರಳಚ್ಚು ಓದುವ ಪಾಲಿಮರ್ ಪೊರೆಯ ವಿಷಯದಲ್ಲಿ ಮಾತ್ರ ವಿವಾದವಿದೆ. ಒದ್ದೆ ಬೆರಳಿಗೂ ಅದು ಜಗ್ಗದು, ಸ್ಕ್ರೀನ್‌ಗಾರ್ಡ್ ಅಡಿ ತೆಳು ಗಾಳಿ ಸಿಕ್ಕಿಕೊಂಡರೆ ಕಿವುಡು. ಪೂರ್ವಪಕ್ಷದವರು ಇದನ್ನು ಅವನದ್ಧಕ್ಕೆ ಸೇರಿಸುವರು. ನಾವು ಒಪ್ಪೆವು: ಇದು ಅಂಟಿಸಿದ ಪೊರೆ, ಬಿಗಿದ ತೊಗಲಲ್ಲ. ಹಾಗಾದರೆ ಖಾಲಿ ಬಿದ್ದಿರುವ ತತದ ಪೀಠದಲ್ಲಿ ಕೂರಿಸೋಣವೆಂದರೆ, ತಂತಿ ಎಲ್ಲಿ ಎಂದು ಅವರೇ ಕೇಳುತ್ತಾರೆ.